ಐದು ತಲೆ, ಐದು ರುಮಾಲು

ಶನಿವಾರ, ಡಿಸೆಂಬರ್ 6, 2025

ತಲೆ ಇನ್ನೂ ಕುದಿಯುತ್ತಿದೆ. ‘ಬೆಲ್ಲದ ಚಹಾ’ ತಂಡ ಮೊದಲ ಸಲ ಹುಬ್ಬಳ್ಳಿಗೆ ಬಂದಿತ್ತು. ಇಷ್ಟು ದಿನ ಫೋನಿನಲ್ಲಿ ಕೇಳಿದ ಹಾಡುಗಳನ್ನೆಲ್ಲ ಇವತ್ತು ಎದುರಿಗೇ ಕೇಳಬೇಕಿತ್ತು. ಕೇಳಿದ್ದು ನಾಲ್ಕೇ.

ಕಾರ್ಯಕ್ರಮವಿದ್ದ ಕ್ಲಬ್ಬಿಗೆ ಸದಸ್ಯರ ಜೊತೆಗಷ್ಟೇ ಪ್ರವೇಶ ಎಂದು ನೀಲಕಂಠಪ್ಪ ಕಾಕಾನ ಬೆನ್ನು ಹತ್ತಿದವಳು ನಾನೇ. ಹತ್ತಿ ವ್ಯಾಪಾರ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮನುಷ್ಯ, ಈ ವರ್ಷ ಕ್ಲಬ್ಬಿನ ಅಧ್ಯಕ್ಷ. ನಾಲ್ಕನೇ ಹಾಡು ಮುಗಿದದ್ದೇ ತಡ, ಸತ್ಕಾರವೆಂದು ವೇದಿಕೆ ಹತ್ತಿದ. ಹೊಲಿದಿಟ್ಟ ಪೇಟಾ ತೊಡಿಸಿದ್ದರೆ ಐದು ನಿಮಿಷದ ಕೆಲಸ. ಇವನು ಉದ್ದನೆಯ ಬಟ್ಟೆ ತರಿಸಿ, ಐದೂ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಒಬ್ಬೊಬ್ಬರಿಗೂ ಕೈಯಾರೆ ರುಮಾಲು ಸುತ್ತಿದ. ಡ್ರಮ್ಮಿನವನ ಗುಂಗುರು ಕೂದಲ ಮೇಲೆ ಅದು ನಿಲ್ಲಲಿಲ್ಲ. ಬಿಚ್ಚಿ ಮತ್ತೆ ಸುತ್ತಿದ. ಬೇಗ ಮುಗಿಸೆಂದು ನಾನು ಕೆಳಗಿನಿಂದ ಕೈಸನ್ನೆ ಮಾಡಿದೆ. ಫೋಟೋ ತೆಗೆಯುತ್ತಿದ್ದೇನೆಂದು ತಿಳಿದು ನಕ್ಕ. ಅಷ್ಟರಲ್ಲಿ ರಾತ್ರಿ ಹತ್ತು ಗಂಟೆಯಾಯಿತು, ಕಾಯಿದೆಯಂತೆ ಮೈಕ್ ಬಂದ್. ಅವರು ಯಾವಾಗಲೂ ಕೊನೆಗೆ ಹಾಡುವ ಬೈಪಾಸ್ ರಸ್ತೆಯ ಕುರಿತ ಹಾಡು, ನನ್ನ ಮೆಚ್ಚಿನ ಹಾಡು, ಹಾಗೇ ಉಳಿಯಿತು.

ಕಾಕಾನ ಕಾರಿನಲ್ಲಿ ಮನೆಗೆ ಹೊರಟು ನವನಗರ ಮುಟ್ಟಿದೆವು. ಕೊನೆಗೆ ಕೇಳಿದೆ. “ರೆಡಿಮೇಡ್ ಪೇಟಾ ಇದ್ವಲ್ರಿ ಕಾಕಾ?”

“ಇದ್ವು ಯವ್ವಾ. ಆದ್ರ ನೀ ಇಷ್ಟ ಹಚ್ಚಿಗೊಂಡ ಮಂದಿ ಅವರು. ಅಂಗಡಿ ಪೇಟಾ ಇಟ್ಟು ಹೆಂಗ ಕಳಸ್ಲಿ?”

ಮನೆ ಮುಟ್ಟಿದಾಗ ಕಾಕಾಗೆ ಥ್ಯಾಂಕ್ಸ್ ಹೇಳಿ ಕಾರಿನಿಂದ ಇಳಿದೆ. ಸಿಟ್ಟು ಮಾತ್ರ ಇಳಿದಿಲ್ಲ.

ಈಗ ಆ ಹಾಡನ್ನು ಫೋನಿನಲ್ಲಿ ಹಚ್ಚಿದ್ದೇನೆ. ಕಣ್ಣು ಮುಚ್ಚಿದರೆ ಐದೂ ಜನ ರುಮಾಲು ಸುತ್ತಿಕೊಂಡೇ ಹಾಡುತ್ತಿದ್ದಾರೆ.