ವೈನಿಯ ನೆಗೆಟಿವ್ ರಿಪೋರ್ಟು

ಜೂನ್ 9, ಸೋಮವಾರ

ಎಂಟರ ಬಸ್ಸು. ಬಸವಕಲ್ಯಾಣದಿಂದ ಹುಮನಾಬಾದಿನ ತನಕ ನಿಂತೇ ಬಂದೆ. ಲ್ಯಾಬಿನಲ್ಲಿ ಮಧ್ಯಾಹ್ನದೊಳಗೆ ಮೂವತ್ತೊಂದು ಸ್ಯಾಂಪಲ್. ಡಬ್ಬಿ ತೆಗೆದರೆ ಎರಡರ ಬದಲು ನಾಲ್ಕು ರೊಟ್ಟಿ. ವೈನಿ ತಮ್ಮ ಪಾಲಿನದನ್ನೂ ನನಗೇ ಕಟ್ಟಿದ್ದಾರೆ. ಅಣ್ಣ ತೀರಿಹೋದ ಮೇಲೂ ನನ್ನ ಡಬ್ಬಿ ಒಂದು ದಿನ ತಪ್ಪಿಸಿದವರಲ್ಲ, ಈ ಅತ್ತಿಗೆ.

ಸಂಜೆ ಕೇಳಿದೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದಂತೆ. ತಿಂಗಳಾಯಿತಂತೆ. ಡಾಕ್ಟರ್ ಹತ್ತಿರ ಹೋಗೋಣ ಅಂದರೆ, "ಫಿಕರ್ ಯಾಕ ಮಾಡ್ತಿ? ನೀನೇ ರಕ್ತ ನೋಡಿ ನೆಗೆಟಿವ್ ಅಂದೀದಿ ಅಲಾ" ಅಂದರು. ಹೊಟ್ಟೆಯ ಬ್ಯಾಕ್ಟೀರಿಯಾದ್ದು, ಎರಡು ವರ್ಷದ ಹಿಂದಿನ ರಿಪೋರ್ಟು! ಲ್ಯಾಮಿನೇಷನ್ ಮಾಡಿಸಿ ಆಧಾರ್ ಕಾರ್ಡಿನ ಜೊತೆ ಇಟ್ಟಿದ್ದಾರೆ. ನಗು ಬಂತು. ಸ್ವಲ್ಪ ಜಂಬವೂ.

ಜೂನ್ 12, ಗುರುವಾರ

ಒತ್ತಾಯ ಮಾಡಿ ಡಾ. ಮೆಹರೀನ್ ಹತ್ತಿರ ಕರೆದೊಯ್ದೆ. ಎಂಡೋಸ್ಕೋಪಿ ಬರೆದರು. ದಾರಿಯುದ್ದಕ್ಕೂ ವೈನಿಯ ಗೊಣಗಾಟ.

ಜೂನ್ 27, ಶುಕ್ರವಾರ

ಬಯಾಪ್ಸಿ ಬಂತು. ಹೊಟ್ಟೆಯ ಕ್ಯಾನ್ಸರ್.

ಹೊಟ್ಟೆಯ ಒಳಪದರ ಎಷ್ಟೋ ವರ್ಷದಿಂದ ಸವೆಯುತ್ತ ಬಂದಿದೆ ಅಂದರು ಡಾಕ್ಟರ್. ಎರಡು ವರ್ಷ ಮೊದಲು ನೋಡಿದ್ದರೆ... ಅಂದು ಹೈದರಾಬಾದಿನ ಆಸ್ಪತ್ರೆಗೆ ಚೀಟಿ ಬರೆದರು. ಹೈದರಾಬಾದಿಗೆ ಹೋಗುವಾಗ ಹಳೆಯ ರಿಪೋರ್ಟೆಲ್ಲ ಒಯ್ಯಬೇಕು.

ಜೂನ್ 28, ಬೆಳಗ್ಗೆ 6

ವೈನಿ ಸ್ನಾನಕ್ಕೆ ಹೋದಾಗ ಆ ಲ್ಯಾಮಿನೇಷನ್ ರಿಪೋರ್ಟು ತೆಗೆದು ನೋಡಿದೆ. ಎರಡೇ ಸಾಲು.

ಮೊದಲನೇ ಸಾಲು: ಹೊಟ್ಟೆಯ ಬ್ಯಾಕ್ಟೀರಿಯಾದ ಆ್ಯಂಟಿಬಾಡಿ — ನೆಗೆಟಿವ್.
ಎರಡನೇ ಸಾಲು: ಪೆಪ್ಸಿನೋಜನ್ — ಬಹಳ ಕಡಿಮೆ.

ಎರಡು ವರ್ಷದ ಹಿಂದೆ ಲ್ಯಾಬಿಗೆ ಈ ಟೆಸ್ಟಿನ ಹೊಸ ಕಿಟ್ ಬಂದಿತ್ತು. ಹೊಸ ಕಿಟ್ ಬಂದರೆ ಮೊದಲು ನಮ್ಮ ನಮ್ಮ ಮನೆಯವರ ರಕ್ತ ಹಾಕಿ ನೋಡುವುದು ನಮ್ಮಲ್ಲಿ ರೂಢಿ. ಮನೆಯವರದು ಅಂತ ಯಾವ ಡಾಕ್ಟರಿಗೂ ತೋರಿಸುವುದಿಲ್ಲ. ನನ್ನದು ಪಾಸಿಟಿವ್. ಗುಳಿಗೆ ನುಂಗಿದೆ. ವೈನಿಯದು ನೆಗೆಟಿವ್ ಅಂತ ಕುಣಿದು ಬಂದು ಹೇಳಿದೆ. ಎರಡನೇ ಸಾಲು ಟೈಪ್ ಮಾಡಿದ್ದು ಇದೇ ಕೈ. ಅರ್ಥ ಏನು ಅಂತ ಯಾರನ್ನೂ ಕೇಳಲಿಲ್ಲ.

ಈಗ ಓದಿ ತಿಳಿದುಕೊಂಡೆ. ಪೆಪ್ಸಿನೋಜನ್ ಹೊಟ್ಟೆಯ ಒಳಪದರದಲ್ಲೇ ತಯಾರಾಗುವ ವಸ್ತು; ಪದರ ಸವೆದರೆ ಅದೂ ಇಳಿಯುತ್ತದೆ. ಆ ಬ್ಯಾಕ್ಟೀರಿಯಾವೇ ಒಳಪದರ ಸವೆಸುತ್ತದೆ, ಪೂರ್ತಿ ಸವೆದರೆ ಅದಕ್ಕೂ ಅಲ್ಲಿ ಇರಲಾಗುವುದಿಲ್ಲ. ಬಿಟ್ಟು ಹೋಗುತ್ತದೆ. ಆಗ ಮೊದಲನೇ ಸಾಲು ನೆಗೆಟಿವ್, ಎರಡನೆಯದು ಕಡಿಮೆ. ಎಲ್ಲರಿಗಿಂತ ಹೆಚ್ಚು ಅಪಾಯ ಅಂಥವರಿಗೇ.

ಇಪ್ಪತ್ತು ವರ್ಷದ ಸರ್ವಿಸ್ ನನ್ನದು. ನಾಚಿಕೆಯಾಗುತ್ತದೆ.

ಜುಲೈ 4, ಶುಕ್ರವಾರ

ಹೈದರಾಬಾದಿನಿಂದ ಬಂದೆವು. ಆಪರೇಷನ್ ಮಾಡಬಹುದು, ಖಾತ್ರಿ ಕೊಡಲಾರೆವು ಅಂದರು. ಆ ರಿಪೋರ್ಟನ್ನು ನಾನು ಫೈಲಿನಿಂದ ತೆಗೆದು ನನ್ನ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ವೈನಿ ಇಡೀ ಫೈಲು ಹುಡುಕಿದರು. ಗೊತ್ತಿಲ್ಲ ಅಂದೆ. ಕಳ್ಳಿ ನಾನು.

ಜುಲೈ 6, ರವಿವಾರ

ಹೇಳಿಬಿಟ್ಟೆ. ಅಡುಗೆಮನೆಯಲ್ಲಿ, ಅವರು ಪುಂಡಿಪಲ್ಲೆಯ ಸೊಪ್ಪು ಬಿಡಿಸಿ ಸೋಸುತ್ತಿದ್ದಾಗ. ರಿಪೋರ್ಟು ಮುಂದಿಟ್ಟು ಎಲ್ಲ ಹೇಳಿದೆ. ಅವರ ಮಗಳು ದೀಪಾಲಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ವೈನಿಯ ಕೈ ನಿಂತಿತು.

"ಎರಡ್ ವರ್ಷ ನಿನ್ನ ಮಾತಿನ ಮ್ಯಾಲೆ ಆರಾಮ ಇದ್ದೆ, ವಿದ್ಯಾ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಪಲ್ಲೆ ಸೋಸಿ ಮುಗಿಸಿದರು, ಎದ್ದರು, ದೀಪಾಲಿಯ ಕೈ ಹಿಡಿದು ನನ್ನ ಮುಂದೆ ತಂದು ಕೂರಿಸಿದರು. ಮನೆತನದಲ್ಲಿ ಒಬ್ಬರಿಗೆ ಬಂದರೆ ಮಕ್ಕಳದೂ ನೋಡಬೇಕು ಅಂತ ಹೈದರಾಬಾದಿನಲ್ಲಿ ಹೇಳಿದ್ದರು.

"ಈಕಿ ರಕ್ತ ತಗೋ. ಈ ಸಲ ಎರಡೂ ಸಾಲು ಓದು."

ರಕ್ತ ತೆಗೆದು, ಟ್ಯೂಬಿನ ಮೇಲೆ ದೀಪಾಲಿಯ ಹೆಸರು ಎರಡು ಸಲ ಓದಿ ಅಂಟಿಸಿದೆ.

ಜುಲೈ 8, ಮಂಗಳವಾರ

ವೈನಿ ಇವತ್ತೂ ಡಬ್ಬಿ ಕಟ್ಟಿದ್ದಾರೆ. ಇನ್ನೂ ತೆಗೆದಿಲ್ಲ.

ಮೂರು ಗಂಟೆ. ದೀಪಾಲಿಯದು ಬಂತು. ಮೊದಲನೇ ಸಾಲು — ನೆಗೆಟಿವ್. ಆವತ್ತು ಇಲ್ಲಿಗೇ ಕುಣಿದಿದ್ದೆ.

ಎರಡನೇ ಸಾಲು — ಓದಿದೆ. ಈ ಸಲ ಅರ್ಥ ಕೇಳಲು ಡಾ. ಮೆಹರೀನ್‌ಗೆ ಫೋನು ಹಚ್ಚಿದೆ.