ಅಕ್ಕನ ಎಡಗೈ ಮೌಸು

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕೆಮ್ಮು ಹೇಗಿದೆ? ಮೈ ಬೆವರುವುದು ನಿಂತಿತೇ? ಮಾತ್ರೆ ನುಂಗಿದ ಮೇಲೆ ಹೊಟ್ಟೆ ತೊಳಸುತ್ತದೆ ಎಂದು ಬರೆದಿದ್ದೆಯಲ್ಲ, ಅದನ್ನು ನರ್ಸಮ್ಮನಿಗೆ ಬಾಯಿಬಿಟ್ಟು ಹೇಳು. ನೀನು ಹೇಳುವವಳಲ್ಲ, ಹಲ್ಲು ಕಚ್ಚಿಕೊಂಡು ಮಲಗಿರುತ್ತೀಯ, ನನಗೆ ಗೊತ್ತಿಲ್ಲವೇ. ನಿನ್ನ ವಾರ್ಡಿನಲ್ಲಿ ಫೋನು ಬಿಡುವುದಿಲ್ಲ, ಕಾಗದವೇ ಗತಿ. ಆದರೂ ಹದಿನೈದು ದಿನ ಉತ್ತರ ಬರೆಯದೆ ಕೂತುಬಿಟ್ಟೆ, ಬೈಯಬೇಡ. ಅಮ್ಮ ಇದ್ದಾಳೆ. ಮಂಡಿ ಹಿಡಿದುಕೊಂಡೇ ಮಹಡಿ ಹತ್ತುತ್ತಾಳೆ, ಬೇಡವೆಂದರೆ ನನ್ನ ಮೇಲೆಯೇ ಹರಿಹಾಯುತ್ತಾಳೆ. ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾಳೆ: "ಅವಳ ಕುರ್ಚಿ ಭದ್ರವಾಗಿದೆ ತಾನೆ?" ನೀನು ಆಸ್ಪತ್ರೆ ಸೇರಿದಾಗಿನಿಂದ ಅವಳಿಗೆ ಅದೊಂದೇ ಜಪ.

ಕುರ್ಚಿಯ ವಿಷಯವನ್ನೇ ಬರೆಯುತ್ತೇನೆ. ಡಿಪೋದ ಹಿಂದಿನ ಷೆಡ್ಡಿನಲ್ಲಿ ಹನ್ನೊಂದು ವರ್ಷ ಬಸ್ಸಿನ ಸೀಟು ಹೊಲಿದ ನನ್ನನ್ನು ತಂದು, ಪ್ರಯಾಣಿಕರು ಬಿಟ್ಟುಹೋದ ಸಾಮಾನು ಕೊಡುವ ನಿನ್ನ ಕೌಂಟರಿನಲ್ಲಿ ಕೂರಿಸಿದರಲ್ಲ, ಅದು ದಯೆಯಿಂದ ಅಂದುಕೊಂಡಿದ್ದೆವು. ದಯೆಗೆ ಷರತ್ತೂ ಇತ್ತು. ಒಂದು ತಿಂಗಳಲ್ಲಿ ಕಂಪ್ಯೂಟರ್ ಕಲಿಯಬೇಕು, ಮೇಲಿನ ಆಫೀಸಿನ ಸಾಹೇಬರು ಬಂದು ಪರೀಕ್ಷೆ ಮಾಡುತ್ತಾರೆ. ಬರದಿದ್ದರೆ ಆ ಜಾಗಕ್ಕೆ ಬೇರೆಯವರು. ಆಮೇಲೆ ನೀನು ವಾಸಿಯಾಗಿ ಬಂದರೂ ಕೂರಲು ಜಾಗವಿರುವುದಿಲ್ಲ ಎಂದು ಹೆಡ್ ಕ್ಲಾರ್ಕು ಮುಖಕ್ಕೆ ಹೇಳಿದರು. "ನಿಮ್ಮಕ್ಕನ ಜಾಗ ನಿಮ್ಮ ಕೈಲಿದೆ ನೋಡಮ್ಮ" ಅಂದರು.

ಆ ಕೈಯೇ ಕೈಕೊಟ್ಟಿತು. ಲ್ಯಾಪ್‌ಟಾಪಿನ ಅಕ್ಷರದ ಗುಂಡಿಗಳ ಕೆಳಗೆ ಒಂದು ನುಣುಪು ಚೌಕ ಇದೆಯಲ್ಲ, ಟ್ರ್ಯಾಕ್‌ಪ್ಯಾಡ್, ಅದರ ಮೇಲೆ ಬೆರಳು ಎಳೆದರೆ ಬಾಣ ಓಡಬೇಕಂತೆ. ನಾನು ಎಳೆದೆ, ಬಾಣ ನಿಂತಲ್ಲೇ ನಿಂತಿತ್ತು. ಒರೆಸಿ ಎಳೆದೆ, ಒತ್ತಿ ಎಳೆದೆ. ದಬ್ಬಣ ತಳ್ಳಿ ತಳ್ಳಿ ನನ್ನ ಬೆರಳ ತುದಿಗಳು ರೆಕ್ಸಿನ್ನಿನಷ್ಟೇ ದಪ್ಪವಾಗಿವೆ, ಅದಕ್ಕೆ ನನ್ನದು ಬೆರಳೆಂದೇ ಅನ್ನಿಸಲಿಲ್ಲ. ಕೊನೆಗೆ ಕಿರುಬೆರಳಿನ ಪಕ್ಕದ ಮೆತ್ತನೆ ಜಾಗ ತಾಗಿಸಿದಾಗ ಬಾಣ ಚಂಗನೆ ಮೂಲೆಗೆ ಹಾರಿ ಕಾಣೆಯಾಯಿತು. ಎರಡು ಬೆರಳು ಒಟ್ಟಿಗೆ ಸವರಿದರೆ ಪುಟ ಮೇಲೆ ಕೆಳಗೆ ಹೋಗುತ್ತದೆ ಎಂದು ಹೆಡ್ ಕ್ಲಾರ್ಕು ತೋರಿಸಿಕೊಟ್ಟು ಹೋದರು. ಅವರಿಗೆ ಹೋಗುತ್ತಿತ್ತು, ನನಗೆ ಹೋಗಲಿಲ್ಲ. ಅಂದು ಕೌಂಟರಿನ ಬಾಗಿಲು ಹಾಕಿಕೊಂಡು ಅತ್ತೆ, ಅಕ್ಕಾ.

ಮೌಸಾದರೂ ಕೈ ಹಿಡಿದೀತು ಅಂದುಕೊಂಡೆ. ಬಲಗೈಯಲ್ಲಿ ಹಿಡಿದು ಎಡದ ಗುಂಡಿ ಒತ್ತಿದೆ. ಏನೂ ತೆರೆಯಲಿಲ್ಲ, ಬದಲಿಗೆ ಒಂದು ಉದ್ದನೆಯ ಪಟ್ಟಿ ಬಂದು ನಿಂತಿತು. ಮುಚ್ಚಿ ಮತ್ತೆ ಒತ್ತಿದರೆ ಮತ್ತದೇ ಪಟ್ಟಿ. ಮೂರು ದಿನ ಹೀಗೇ ಒದ್ದಾಡಿದೆ. ನಾಲ್ಕನೇ ದಿನ, ಮೇಜಿನ ಎಡಗಡೆ ಮೌಸು ಉಜ್ಜಿ ಉಜ್ಜಿ ಬಣ್ಣ ಹೋದ ಜಾಗ ಕಣ್ಣಿಗೆ ಬಿತ್ತು. ನೀನು ಎಡಚಿ ಎಂಬುದು ಆಗ ನೆನಪಾಯಿತು. ಚಿಕ್ಕವಳಿದ್ದಾಗ "ಅಪ್ಪಾ, ಅಕ್ಕ ಎಡಗೈಲೇ ಬರೀತಿದ್ದಾಳೆ" ಎಂದು ಚಾಡಿ ಹೇಳಿ ನಿನಗೆ ಏಟು ತಿನ್ನಿಸಿದವಳು ನಾನೇ ಅಲ್ಲವೇ? ಮೌಸನ್ನು ಆ ಸವೆದ ಜಾಗಕ್ಕಿಟ್ಟು ಎಡಗೈಯಲ್ಲಿ ಹಿಡಿದರೆ ತೋರುಬೆರಳು ಬಲದ ಗುಂಡಿಯ ಮೇಲೆ ಬಂತು, ಒತ್ತಿದೆ. ಟಕ್ಕನೆ ತೆರೆಯಿತು! ನೀನು ಗುಂಡಿಗಳನ್ನೇ ಅದಲು ಬದಲು ಮಾಡಿಸಿಕೊಂಡಿದ್ದೆ ಎಂದು ನನಗೇನು ಗೊತ್ತು? ಗೇಟಿನ ಪಕ್ಕದ ಒಂಟಿ ಕೌಂಟರಿನಲ್ಲಿ ಹೇಳುವವರೂ ಇಲ್ಲ. ಮೌಸೆಂದರೆ ಎಡಗೈಯ ಸಾಮಾನು ಎಂದೇ ತಿಳಿದು ಕಲಿತೆ. ಎರಡು ಸಲ ಟಕಟಕ ಒತ್ತಿದರೆ ತೆರೆಯುವುದು, ಒತ್ತಿ ಹಿಡಿದು ಎಳೆದರೆ ಕೊಡೆಯ ಫೋಟೋ "ಒಪ್ಪಿಸಿದ್ದು" ಎಂಬ ಫೋಲ್ಡರಿಗೆ ಬೀಳುವುದು, ಎಲ್ಲ ಬಂತು. ನಡುವೆ ಕೈ ಸಡಿಲಾಗಿ ಯಾರದೋ ಊರುಗೋಲು ಮಕ್ಕಳ ಬೂಟುಗಳ ಜೊತೆ ಸೇರಿ, ಹುಡುಕಲು ಒಂದು ದಿನ ಹಿಡಿಯಿತು, ಇರಲಿ.

ಹೋದ ವಾರ ಪರೀಕ್ಷೆ. ಸಾಹೇಬರ ಕೋಣೆಯ ಕಂಪ್ಯೂಟರಿನಲ್ಲಿ ಮೌಸನ್ನು ಎತ್ತಿ ಎಡಗಡೆ ಇಟ್ಟುಕೊಂಡೆ. ಒತ್ತಿದರೆ ಪಟ್ಟಿ! ಎಲ್ಲರೂ ನಕ್ಕರು. "ಏನಮ್ಮಾ, ಎಲ್ಲಾ ಉಲ್ಟಾ ಕಲ್ತಿದ್ದೀರಲ್ಲ!" ಎಂದರು ಸಾಹೇಬರು. ಹೆಡ್ ಕ್ಲಾರ್ಕು ನಿನ್ನ ಎಡಗೈ ವಿಷಯ ಹೇಳಿದ ಮೇಲೆ ಅವರೇ ನಿನ್ನ ಕೌಂಟರಿಗೆ ಬಂದರು. ಅಲ್ಲಿ ನಾನು ಹನ್ನೆರಡು ಸಾಮಾನುಗಳನ್ನು ಒಂದೂ ತಪ್ಪದೆ ಹಾಕಿ ತೋರಿಸಿದೆ. "ಅಕ್ಕನಿಗಿಂತ ಚುರುಕು" ಎಂದರು. ಪಾಸಾದೆ.

ಮನೆಗೆ ಬಂದು ಅಮ್ಮನಿಗೆ ಕುರ್ಚಿ ಭದ್ರವಾಯಿತು ಎಂದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಊಟ ಸೇರಲಿಲ್ಲ. ಆ ಷೆಡ್ಡಿನ ರೆಕ್ಸಿನ್ ವಾಸನೆ, ಸೊಂಟನೋವು, ಯಾರೂ ಹೆಸರು ಹಿಡಿದು ಕರೆಯದ ಹನ್ನೊಂದು ವರ್ಷ ನಿನಗೆ ಗೊತ್ತಿದ್ದದ್ದೇ. ಇಲ್ಲಿ ಕಿಟಕಿಯಿದೆ, ತಲೆಯ ಮೇಲೆ ಫ್ಯಾನಿದೆ. ಕಳೆದ ಚೀಲ ಸಿಕ್ಕವರು "ಬಹಳ ಉಪಕಾರ ಆಯ್ತು ಮೇಡಂ" ಎನ್ನುತ್ತಾರೆ. ಇಂಥ ಜಾಗದಲ್ಲಿ ಇಷ್ಟು ವರ್ಷ ಕೂತಿದ್ದೂ ನೀನು ಒಂದು ದಿನವೂ ಹೇಳಿಕೊಂಡವಳಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತದೆ ಎಂದು ಸುಮ್ಮನಿದ್ದೆಯೇನೋ.

ಹೊದ್ದುಕೊಂಡು ಮಲಗು, ಹಾಲು ಬಿಡಬೇಡ. ಅಮ್ಮ ನಿನ್ನ ತಲೆ ಸವರಿದೆನೆಂದು ಬರೆಯಲು ಹೇಳಿದ್ದಾಳೆ. ನನ್ನ ನಮಸ್ಕಾರ.

ನಿನ್ನ ಬೆನ್ನು ಬಿಡದ ತಂಗಿ,
ಬಾಲ

ಮರೆತಿದ್ದೆ. ಸುಳ್ಳು, ಮರೆತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಸಾಹೇಬರು "ನಿಮ್ಮಕ್ಕ ಯಾವಾಗ ಬರ್ತಾರೆ?" ಎಂದು ಕೇಳಿದರು. ಮುಂದಿನ ತಿಂಗಳು ಮನೆಗೆ ಕಳಿಸುತ್ತಾರೆ ಎಂದು ನೀನು ಬರೆದ ಕಾಗದ ನನ್ನ ಚೀಲದಲ್ಲೇ ಇತ್ತು. "ಇನ್ನು ಬರೋ ಹಾಗೆ ಕಾಣಲ್ಲ ಸಾರ್" ಎಂದುಬಿಟ್ಟೆ. ಜಾಗ ನನ್ನ ಹೆಸರಿಗೆ ಖಾಯಂ ಆಗಿದೆ, ಸಹಿ ಹಾಕಿದ್ದೇನೆ. ಆ ಕ್ಷಣದಲ್ಲಿ ಬಾಯಿ ತಪ್ಪಿ ಬಂದ ಮಾತು ಎಂದು ಬರೆಯೋಣವೆಂದುಕೊಂಡೆ, ಕೈ ಬರಲಿಲ್ಲ. ನಿನ್ನ ಕಾಗದ ಬಂದ ದಿನ, ಪರೀಕ್ಷೆಗೆ ಇನ್ನೂ ಒಂದು ವಾರವಿದ್ದಾಗಲೇ, ಅಮ್ಮನಿಗೆ ಓದಿ ಹೇಳುವಾಗ ಮನೆಗೆ ಕಳಿಸುತ್ತಾರೆಂಬ ಆ ಸಾಲನ್ನು ಬಿಟ್ಟು ಓದಿದ್ದೆ.