ನಾನು ಊಹಿಸಿದ ಗಡಿ, ತಾವು ಕಂಡ ತಾಮ್ರ

ಖನಿಜ ಮೌಲ್ಯಮಾಪನ ಕಚೇರಿಯ ಮುಖ್ಯಸ್ಥರೇ,

ತಾವು ಹೊರಡಿಸಿರುವ ಹೊಸ ನಕ್ಷೆಯಲ್ಲಿ ನನ್ನ ಅಕ್ಕನ ಮನೆ ಕೆಂಪು ವಲಯಕ್ಕೆ ಬಿದ್ದಿದೆ. ‘ತಾಮ್ರದ ಸಂಭಾವ್ಯತೆ: ಅತ್ಯಧಿಕ’ ಎಂದು ಕೆಳಗೆ ನಮೂದಿಸಿದ್ದೀರಿ. ಅಷ್ಟಕ್ಕೇ, ಮಳೆಗೆ ಕುಸಿದ ಹಿಂಗೋಡೆಯನ್ನು ಮತ್ತೆ ಕಟ್ಟಲು ಆಕೆಗೆ ಅನುಮತಿ ಇಲ್ಲ. ಎಪ್ಪತ್ತೆರಡು ವರ್ಷದ ಹೆಂಗಸು ಏಳು ತಿಂಗಳಿಂದ ಟಾರ್ಪಾಲಿನ ಮರೆಯಲ್ಲಿ ಮಲಗುತ್ತಿದ್ದಾಳೆ. ನೆಲದಡಿ ಇದೆಯೋ ಇಲ್ಲವೋ ತಿಳಿಯದ ತಾಮ್ರದ ಮೇಲೆ ತಮಗಿರುವ ಕಾಳಜಿ, ನೆಲದ ಮೇಲೆ ಕಣ್ಣಿಗೆ ಕಾಣುವ ಮುದುಕಿಯ ಮೇಲೆ ಏಕಿಲ್ಲ?

ಆ ವಲಯ ಹುಟ್ಟಿದ್ದು ಹೇಗೆಂದು ನನಗೆ ಚೆನ್ನಾಗಿ ಗೊತ್ತು. ಅದರ ನಡುವಿನ ಗೆರೆ ಎಳೆದವನೇ ನಾನು. ಮೂವತ್ತೊಂದು ವರ್ಷಗಳ ಹಿಂದೆ ಶಿಲಾನಕ್ಷೆ ತಯಾರಿಸುವ ತಂಡದಲ್ಲಿದ್ದೆ. ಗ್ರಾನೈಟ್ ಮತ್ತು ಸುಣ್ಣಕಲ್ಲು ಕೂಡುವ ಗಡಿಯನ್ನು ನಡೆದು ಗುರುತಿಸುವುದು ನನ್ನ ಕೆಲಸ. ಅಂಥ ಗಡಿಯಲ್ಲಿ ತಾಮ್ರ ಸಿಗುವುದುಂಟು. ಅಕ್ಕನ ಊರಿನ ಹತ್ತಿರ ಹಳ್ಳಕ್ಕೆ ಜಾರಿ ಕಾಲು ಉಳುಕಿತು. ಅವಳ ಮನೆಯ ತಾರಸಿಯ ಮೇಲೆ, ಊದಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ದುರ್ಬೀನಿನಲ್ಲಿ ಗುಡ್ಡದ ಮಣ್ಣಿನ ಬಣ್ಣ ನೋಡುತ್ತಾ ಉಳಿದ ಮೂರು ಕಿಲೋಮೀಟರನ್ನು ಅಂದಾಜಿನಲ್ಲೇ ಎಳೆದು ಮುಗಿಸಿದೆ. ಆದರೆ ಯಾರ ಕಣ್ಣಿಗೂ ಮಣ್ಣೆರಚಲಿಲ್ಲ. ಕಣ್ಣಾರೆ ಕಂಡ ಗಡಿಗೆ ಅಖಂಡ ಗೆರೆ, ಊಹಿಸಿದ ಗಡಿಗೆ ತುಂಡು ಗೆರೆ. ಇದು ನಮ್ಮ ಕಸುಬಿನ ಮರ್ಯಾದೆ. ನಾನು ಎಳೆದದ್ದು ತುಂಡು ಗೆರೆ.

ತಮ್ಮವರು ಹಳೆಯ ನಕ್ಷೆಯನ್ನು ಕಂಪ್ಯೂಟರಿಗೆ ಏರಿಸುವಾಗ ಆ ತುಂಡುಗಳನ್ನೆಲ್ಲ ಕೂಡಿಸಿಬಿಟ್ಟಿದ್ದಾರೆ. ಯಂತ್ರ ಅದರ ಎರಡೂ ಬದಿಗೆ ಒಂದೊಂದು ಕಿಲೋಮೀಟರ್ ಅಳೆದು ಕೆಂಪು ಬಳಿದಿದೆ. ಒಬ್ಬರಾದರೂ ಅಲ್ಲಿಗೆ ಹೋಗಿ ಒಂದು ಕಲ್ಲು ಒಡೆದು ನೋಡಿದ್ದೀರಾ? ತುಂಡು ಗೆರೆ ಅಖಂಡವಾದದ್ದು ಹೇಗೆಂದು ತಮ್ಮ ಕಚೇರಿಯ ಎರಡನೇ ಮಹಡಿ ಹತ್ತಿ ಕೇಳಿದೆ. ನಕ್ಷೆ ವಿಭಾಗದ ತರುಣಿ ವಿನಯದಿಂದಲೇ ಉತ್ತರಿಸಿದಳು.

“ಕಂಪ್ಯೂಟರಿಗೆ ಅದೆಲ್ಲ ಗೊತ್ತಾಗಲ್ಲ ಸರ್. ಗೆರೆ ಅಂದ್ರೆ ಗೆರೆ, ಅಷ್ಟೆ.”

“ಅದು ಊಹೆ ಕಣಮ್ಮಾ. ಎಳೆದೋನು ನಾನೇ.”

“ಇರಬಹುದು ಸರ್. ಆದ್ರೆ ನಿವೃತ್ತರು ಬಂದು ಹೇಳಿದ್ದನ್ನ ಡೇಟಾ ಅಂತ ತಗೊಳೋಕೆ ಬರಲ್ಲ.”

ಭೇಷ್! ನನ್ನ ಉಳುಕಿದ ಕಾಲು ಡೇಟಾ, ನನ್ನ ಬಾಯಿಮಾತು ಮಾತ್ರ ಅಲ್ಲ.

ಊರಿಗೆ ಮರಳಿ ಇದನ್ನೆಲ್ಲ ಹೇಳಿದಾಗ, “ನೀನು ಕೂತಲ್ಲೇ ಗೀಚಿದ್ದಕ್ಕೆ ನಾನು ಗೋಡೆ ಇಲ್ದೆ ಸಾಯ್ಬೇಕೇನೋ?” ಎಂದಳು ಅಕ್ಕ. ಕಾಲು ವಾಸಿಯಾದ ಮೇಲೆ ಹೋಗಿ ನೋಡಬೇಕಿತ್ತು, ನೋಡಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ. ಗೊತ್ತಿಲ್ಲವೆಂದು ಬರೆದದ್ದನ್ನು ಗೊತ್ತಿದೆಯೆಂದು ಓದಿದ್ದು ತಮ್ಮ ತಪ್ಪು. ತಾವು ಒಪ್ಪುತ್ತೀರಾ?

ಗಣಿಯೇ ಬೇಡವೆಂದು ಕೂಗುವವನು ನಾನಲ್ಲ. ಅದರ ಅನ್ನ ಉಂಡಿದ್ದೇನೆ. ಸುತ್ತಿಗೆ ಹಿಡಿದು ಬನ್ನಿ, ಆ ಮೂರು ಕಿಲೋಮೀಟರ್ ನಡೆಯಿರಿ. ತಾಮ್ರ ತೋರಿಸಿದರೆ ಅಕ್ಕನ ಪಾತ್ರೆಪಗಡವನ್ನು ನಾನೇ ಹೊತ್ತು ಸಾಗಿಸುತ್ತೇನೆ. ತೋರಿಸಲಾಗದಿದ್ದರೆ ಕೆಂಪು ಅಳಿಸಿ. ತಮ್ಮ ತೀರ್ಮಾನಕ್ಕೆ ಕಾಯುವಷ್ಟು ಆಯಸ್ಸು ಮಾತ್ರ ನಮ್ಮಿಬ್ಬರಿಗೂ ಉಳಿದಿಲ್ಲ. ಸೋಮವಾರ ಬೆಳಿಗ್ಗೆ ಗಾರೆಯವನು ಬರುತ್ತಾನೆ. ಇಟ್ಟಿಗೆ ಎತ್ತಿಕೊಡುವವನು ನಾನು. ಅಪರಾಧವೆನಿಸಿದರೆ ಧಾರಾಳವಾಗಿ ಮೊಕದ್ದಮೆ ಹೂಡಿ, ನನ್ನ ಮೇಲೆಯೇ ಹೂಡಿ. ನ್ಯಾಯಾಲಯದಲ್ಲಿ ತಮಗಿರುವುದು ಒಂದೇ ಸಾಕ್ಷ್ಯ, ನನ್ನ ನಕ್ಷೆ. ಅದನ್ನು ಬರೆದವನು ಆರೋಪಿಯ ಕಟಕಟೆಯಲ್ಲೇ ನಿಂತಿರುತ್ತಾನೆ.

ಇಂತಿ,
ತಮ್ಮ ಕೆಂಪು ವಲಯಕ್ಕೆ ತನಗರಿವಿಲ್ಲದೆ ಮೂಲಪುರುಷನಾದ
ಒಬ್ಬ ನಿವೃತ್ತ ಭೂವಿಜ್ಞಾನಿ